ಕಲೌತಿಯ ಯುಎಸ್ ಖಾತೆ

ಸೆಪ್ಟೆಂಬರ್ 2, ಸೋಮವಾರ

ಬಂತು! ನ್ಯೂಯಾರ್ಕಿನ ಕ್ವೀನ್ಸಿನ ವ್ಯಾಪಾರಿಗಳ ಆರ್ಡರ್ ಬಂತು. ಮೂವತ್ತು ಸಾವಿರ ಬಾಟಲಿ. ಮೂರು ಸಲ ಓದಿದೆ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಈ ಕ್ರಿಸ್‌ಮಸ್‌ಗೆ ಕಲೌತಿ ರಾಮ್‌ಸರೂಪಳ ಮೆಣಸಿನಕಾಯಿ ಸಾಸ್ ನ್ಯೂಯಾರ್ಕಿನ ನಲವತ್ತೊಂದು ಅಂಗಡಿಗಳಲ್ಲಿ ಸಾಲಾಗಿ ಕೂರುತ್ತದೆ.

ಸಕ್ಕರೆ ಕಾರ್ಖಾನೆ ಮುಚ್ಚಿ ನಮ್ಮ ಯಜಮಾನರ ಕೆಲಸ ಹೋದ ವರ್ಷ ನಾನು ಹಳೆಯ ರಮ್ ಬಾಟಲಿ ತೊಳೆದು ಸಾಸ್ ತುಂಬುತ್ತಿದ್ದೆ. ಅವರು ವರಾಂಡದ ಜೋಲಿಯಲ್ಲಿ ಮಲಗಿಕೊಂಡು, "ಮಾರು ಮಾರು, ರಾಣಿ ಎಲಿಜಬೆತ್ ಬಂದು ಎರಡು ಬಾಟ್ಲಿ ತಗೊಂಡ್ಹೋಗ್ತಾಳೆ" ಎಂದು ನಗುತ್ತಿದ್ದರು. ಇವತ್ತು ಅವರ ಫೋಟೋದ ಎದುರಿಗೆ ನಿಂತು ಆರ್ಡರನ್ನು ಗಟ್ಟಿಯಾಗಿ ಓದಿ ಹೇಳಿದೆ. ಕೇಳಿಸಿಕೊಳ್ಳಲಿ, ಹರಿಲಾಲ್ ಮಹಾಶಯರು.

ಅರ್ಧ ದುಡ್ಡು ಮುಂಗಡ, 18,400 ಯುಎಸ್ ಡಾಲರ್. ಅದು ಬಂದ ಕೂಡಲೇ ಕೊಲಂಬಿಯಾಕ್ಕೆ ಕಳಿಸಿ ಖಾಲಿ ಬಾಟಲಿ ತರಿಸಬೇಕು. ಈ ತಿಂಗಳ 20ರೊಳಗೆ ಅವರ ಕೈಗೆ 13,300 ಸೇರದಿದ್ದರೆ ಬಾಟಲಿ ಹಡಗು ಹತ್ತುವುದಿಲ್ಲ. ಬಾಟಲಿ ಇಲ್ಲದಿದ್ದರೆ ಆರ್ಡರೂ ಇಲ್ಲ, ನನ್ನ ಹನ್ನೊಂದು ಜನ ಹೆಂಗಸರಿಗೆ ಈ ಸೀಸನ್ನಿನ ಸಂಬಳವೂ ಇಲ್ಲ. ಆದರೆ ನನಗೇನು ಚಿಂತೆ? ನನ್ನ ಯುಎಸ್ ಖಾತೆ ಇದೆಯಲ್ಲ.

ನಮ್ಮ ಟ್ರಿನಿಡಾಡಿನಲ್ಲಿ ಮುಚ್ಚಳದಿಂದ ಮೋಟರಿನ ತನಕ ಏನು ಹೊರಗಿಂದ ತರಿಸಬೇಕಾದರೂ ಅಮೆರಿಕದ ಡಾಲರೇ ಬೇಕು. ನಮ್ಮ ಟಿಟಿ ಡಾಲರನ್ನು ಚೀಲ ತುಂಬ ಹೊತ್ತುಕೊಂಡು ಹೋದರೂ ಬ್ಯಾಂಕಿನವರು "ಯುಎಸ್ ಇಲ್ಲ, ಹೆಸರು ಬರೆಸಿ ಹೋಗಿ" ಎನ್ನುತ್ತಾರೆ. ಊರಿಗೆ ಊರೇ ಸಾಲಿನಲ್ಲಿ ನಿಂತಿದೆ. ನನಗೆ ಆ ಗತಿ ಬಂದಿಲ್ಲ. ನನ್ನ ಕಂಪನಿಗೆ ಎರಡು ಖಾತೆ, ಒಂದು ಟಿಟಿಯದು, ಒಂದು ಯುಎಸ್‌ನದು. ಹೊರದೇಶದಿಂದ ಬಂದ ಡಾಲರು ಡಾಲರಾಗಿಯೇ ಅಲ್ಲಿ ಕೂರುತ್ತದೆ, ಬೇಕಾದಾಗ ಡಾಲರಾಗಿಯೇ ಹೊರಡುತ್ತದೆ. ಹದಿನಾಲ್ಕು ವರ್ಷದಿಂದ ಸಾಕಿದ್ದೇನೆ ಅದನ್ನು. ಯಾರಿಗೂ ಹೇಳಿಲ್ಲ. ಹೇಳಿದರೆ ಮುಗಿಯಿತು, ನಮ್ಮೂರು ಪೆನಾಲಿನ ಅರ್ಧ ಜನ ನನ್ನ ಗೇಟಿನ ಮುಂದೆ ಇರುತ್ತಾರೆ.

ಮರ್ಲೀನಳಿಗೆ ಮಾತ್ರ ಗೊತ್ತು. ಹನ್ನೆರಡು ವರ್ಷದಿಂದ ನನ್ನ ಜೊತೆ ಬಾಟಲಿ ತುಂಬುವವಳು, ಅವಳಿಂದ ಏನು ಮುಚ್ಚಿಡಲಿಕ್ಕಾಗುತ್ತದೆ? ಇವತ್ತು ಸಮಯ ನೋಡಿ ಕೇಳಿದಳು.

"ಮಿಸ್ ಕಲೌ, ಒಂದು ನೂರ ಎಂಬತ್ತು ಯುಎಸ್ ಬೇಕಿತ್ತು. ಟಿಟಿ ಈಗಲೇ ಎಣಿಸಿ ಕೊಡ್ತೀನಿ."

"ಯಾತಕ್ಕೆ?"

"ಟೊಪ್ಪಿಗೆ. ಚರ್ಚಲ್ಲಿ ಸುಗ್ಗಿ ಆರಾಧನೆ ಬರ್ತಿದೆಯಲ್ಲ, ಒಂಬತ್ತು ಜನ ಟೊಪ್ಪಿ ಹೇಳಿದಾರೆ. ಗರಿ, ಹುಲ್ಲಿನ ಬಟ್ಟೆ ಎಲ್ಲಾ ಮಯಾಮಿಯಿಂದ ಬರ್ಬೇಕು."

"ಟೊಪ್ಪಿಗೆ ಡಾಲರಾ! ಇದು ಕಂಪನಿ ಖಾತೆ ಮರ್ಲೀನ್. ಕೋಳಿ ಪುಕ್ಕ ಸಾಲದೇನೇ ನಿಮ್ಮ ದೇವರಿಗೆ?"

ಅವಳು ಕೈಗವಸು ಹಾಕಿಕೊಂಡು ಪೀಪಾಯಿಯ ಹತ್ತಿರ ಹೋದಳು. ಶಿಸ್ತು ಅಂದರೆ ಶಿಸ್ತು. ಇವತ್ತು ಟೊಪ್ಪಿಗೆ ಕೊಟ್ಟರೆ ನಾಳೆ ಚಪ್ಪಲಿಗೆ ಕೇಳುತ್ತಾರೆ.

ಯುಎಸ್ ಖಾತೆಯಲ್ಲಿ: 3,260.

ಸೆಪ್ಟೆಂಬರ್ 4, ಬುಧವಾರ

ಬಿಲ್ಲು ಕಳಿಸಿದೆ. ಬಿಲ್ ಪುಸ್ತಕ ಹೊಸದು, ಜುಲೈನಲ್ಲಿ ಅಚ್ಚು ಹಾಕಿಸಿದ್ದು. ಅಚ್ಚಿನ ಅಂಗಡಿಯ ರಾಜ್‌ಪಾಲ್ ಮಹಾ ಬಾಯಿಬಡುಕ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ರಮ್ ಅಂಗಡಿಯಲ್ಲಿ ಡಂಗುರವಾಗಿರುತ್ತದೆ. ಅದಕ್ಕೇ ಬಿಲ್ಲಿನ ಕೆಳಗೆ ಟಿಟಿ ಖಾತೆಯ ನಂಬರು ಮಾತ್ರ ಅಚ್ಚು ಮಾಡಿಸಿದೆ. ಹೊರದೇಶದ ಬಿಲ್ಲಾದರೆ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಯುಎಸ್ ನಂಬರನ್ನು ನನ್ನ ಕೈಯಾರೆ ಬರೆಯುತ್ತೇನೆ. ನಂಬರು ಎಲ್ಲೂ ಬರೆದಿಟ್ಟಿಲ್ಲ, ತಲೆಯಲ್ಲೇ ಇದೆ. ಬುದ್ಧಿ ಅಂದರೆ ಇದು.

ಬಿಲ್ಲು ಬರೆಯುತ್ತಿರುವಾಗಲೇ ಚಗ್ವಾನಸ್ಸಿನಿಂದ ನಾದಿನಿ ಸೂಗಿಯಾ ಫೋನ್ ಮಾಡಿದಳು. ಇದೇ ಸೂಗಿಯಾ ನನ್ನ ಮದುವೆಯ ದಿನ, "ಭೌಜಿಗೆ ಅನ್ನ ಬಸಿಯಕ್ಕೂ ಬರಲ್ಲ" ಎಂದು ಅತ್ತಿಗೆಯಾದ ನನಗೆ ಮೂಗು ಮುರಿದವಳು. ಅವಳಿಗೆ ನಲವತ್ತೊಂದು ಅಂಗಡಿಯ ಹೆಸರನ್ನೂ ಒಂದೊಂದಾಗಿ ಓದಿ ಹೇಳಿದೆ. ಇಪ್ಪತ್ತೇಳನೆಯದಕ್ಕೆ "ಸಾಕು ಭೌಜಿ, ಒಲೆ ಮೇಲೆ ಬೇಳೆ ಇದೆ" ಎಂದಳು. ಬೇಳೆ ಸೀಯಲಿ, ಪೂರ್ತಿ ಕೇಳು ಎಂದೆ. ಮಾತಾಡುತ್ತಲೇ ಬಿಲ್ಲಿನ ಫೋಟೋ ತೆಗೆದು ಕ್ವೀನ್ಸಿಗೆ ಕಳಿಸಿಯೂ ಆಯಿತು. ಎರಡು ಕೈಯಲ್ಲಿ ನಾಲ್ಕು ಕೆಲಸ ಮಾಡುವವಳು ನಾನು.

ಯುಎಸ್ ಖಾತೆಯಲ್ಲಿ: 3,260.

ಸೆಪ್ಟೆಂಬರ್ 6, ಶುಕ್ರವಾರ

ಸ್ಯಾನ್ ಫರ್ನಾಂಡೋಗೆ, ಬ್ಯಾಂಕಿಗೆ ಹೋಗಿದ್ದೆ. ಅಲ್ಲಿ ಗ್ಯಾರ್ನೆಟ್ ಜೋಸೆಫ್ ಸಿಕ್ಕಿದರು. ಪ್ರಿನ್ಸಸ್ ಟೌನಿನವರು, ಕೆಂಪು ಪುಂಡಿಹೂವಿನ ಸೋರೆಲ್ ಷರಬತ್ತು ಮಾಡಿ ಮಾರುತ್ತಾರೆ. ಮೇಳಗಳಲ್ಲಿ ಅವರ ಮೇಜು, ನನ್ನ ಮೇಜು ಯಾವಾಗಲೂ ಎದುರುಬದುರು. ಯಾರ ಮುಂದೆ ಹೆಚ್ಚು ಜನ ನಿಂತಿದ್ದಾರೆಂದು ಇಬ್ಬರೂ ಕಳ್ಳನೋಟದಲ್ಲಿ ಎಣಿಸುತ್ತೇವೆ.

ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮಿಸಸ್ ರಾಮ್‌ಸರೂಪ್, ಹತ್ತು ವಾರದಿಂದ ಇಲ್ಲಿ ಹೆಸರು ಬರೆಸಿ ಕಾಯ್ತಿದೀನಿ. ನೀವು ಹೊರಗಡೆ ಮಾರೋರು. ಒಂದು ಯಂತ್ರದ ಮುಂಗಡಕ್ಕೆ ಸಾವಿರದ ಐನೂರು ಯುಎಸ್ ಏನಾದ್ರೂ ಹೊಂದಿಸಕ್ಕಾಗತ್ತಾ?"

ಇವರಿಗೆ ಹೇಗೆ ಗೊತ್ತಾಯಿತು? ಆ ಗಾಬರಿಗೆ ನನ್ನ ದನಿ ತಾನಾಗಿ ಏರಿತು. "ಮಿಸ್ಟರ್ ಗ್ಯಾರ್ನೆಟ್, ನಾನೇನು ದಾರಿಬದಿ ನಲ್ಲೀನಾ? ಬಕೆಟ್ ಹಿಡ್ಕೊಂಡು ಬಂದೋರಿಗೆಲ್ಲ ತಿರುಗಿಸಿ ಬಿಡಕ್ಕೆ?"

ಸಾಲಿಗೆ ಸಾಲೇ ನಕ್ಕಿತು. ಅವರು ಹ್ಯಾಟು ತೆಗೆದು, ತಲೆ ಬಾಗಿಸಿ, ತಮ್ಮ ಕುರ್ಚಿಗೆ ಹೋದರು. ಮಾತೆಂದರೆ ಹೀಗಿರಬೇಕು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ನಕ್ಕೆ.

ಯುಎಸ್ ಖಾತೆಯಲ್ಲಿ: 3,260. ಇವತ್ತೂ ಬಂದಿಲ್ಲ. ಬರುತ್ತದೆ.

ಸೆಪ್ಟೆಂಬರ್ 12, ಗುರುವಾರ

ನಿನ್ನೆಯೇ ದುಡ್ಡು ಹಾಕಿದ್ದೇವೆ ಎಂದು ಬೆಳಿಗ್ಗೆ ಕ್ವೀನ್ಸಿನಿಂದ ಸುದ್ದಿ ಬಂತು. ನನ್ನ ಯುಎಸ್ ಖಾತೆ ನೋಡಿದರೆ ಅದೇ 3,260. ಬ್ಯಾಂಕಿಗೆ ಓಡಿದೆ. ಕಂಪನಿ ಖಾತೆಗಳನ್ನು ನೋಡಿಕೊಳ್ಳುವ ಮಿಸ್ ಷೆರ್ಲಾನ್ ಕಂಪ್ಯೂಟರ್ ನೋಡಿ ನಗುತ್ತಲೇ ಹೇಳಿದಳು, "ಬಂದಿದೆಯಲ್ಲ ಮಿಸಸ್ ರಾಮ್‌ಸರೂಪ್. ನಿಮ್ಮ ಟಿಟಿ ಖಾತೇಲಿದೆ. ಒಂದು ಲಕ್ಷದ ಇಪ್ಪತ್ತಮೂರು ಸಾವಿರದ ನಾನೂರ ಅರವತ್ತನಾಲ್ಕು ಟಿಟಿ."

"ಟಿಟಿ ಯಾಕೆ? ಅವರು ಕಳಿಸಿದ್ದು ಯುಎಸ್."

"ಟಿಟಿ ಖಾತೆಗೆ ಬಂದ್ರೆ ತಾನಾಗೇ ಟಿಟಿ ಆಗ್ಬಿಡತ್ತೆ ಮೇಡಂ."

"ಹಾಗಾದ್ರೆ ವಾಪಸ್ ಯುಎಸ್ ಮಾಡಮ್ಮ."

ಅವಳ ನಗು ನಿಂತಿತು. "ಆ ಡಾಲರು ನಿನ್ನೆ ಮಧ್ಯಾಹ್ನವೇ ಹೋಯ್ತು. ಕಾಯ್ತಾ ಇದ್ದೋರಿಗೆ ಮಾರಿಬಿಟ್ರು. ನೀವೂ ಈಗ ಹೆಸರು ಬರೆಸ್ಬೇಕು. ಹೊಸದಾಗಿ ಬರೆಸೋ ಸಣ್ಣ ಕಂಪನಿಗೆ ತಿಂಗಳಿಗೆ ಐನೂರೇ ಕೊಡೋದು."

ನನಗೆ ಬೇಕಾದದ್ದು ಇನ್ನೂ ಹತ್ತು ಸಾವಿರ. ಅಂದರೆ ಇಪ್ಪತ್ತು ತಿಂಗಳು.

ಮನೆಗೆ ಬಂದು ಫೋನಿನಲ್ಲಿ ಆ ಬಿಲ್ಲಿನ ಫೋಟೋ ತೆಗೆದು ನೋಡಿದೆ. ಕೆಳಗೆ ಅಚ್ಚಾದ ಟಿಟಿ ನಂಬರು ಸ್ಪಷ್ಟವಾಗಿದೆ. ಅದನ್ನು ಹೊಡೆದುಹಾಕಿಲ್ಲ. ಪಕ್ಕದಲ್ಲಿ ನಾನು ಬರೆಯಬೇಕಾಗಿದ್ದ ಜಾಗ ಖಾಲಿ. ಸೂಗಿಯಾ ಫೋನ್ ಮಾಡಿದ್ದು ಸರಿಯಾಗಿ ಆಗಲೇ.

ಕೋಲು ಕೊಟ್ಟು ಹೊಡೆಸಿಕೊಂಡೆ.

ಸೆಪ್ಟೆಂಬರ್ 13, ಶುಕ್ರವಾರ

ಊಟ ಸೇರಲಿಲ್ಲ. ಫೋಟೋದಲ್ಲಿ ಯಜಮಾನರು ನಗುತ್ತಿದ್ದರು, ಮೇಲೆ ಬಟ್ಟೆ ಮುಚ್ಚಿದೆ.

ಸೆಪ್ಟೆಂಬರ್ 15, ಭಾನುವಾರ

ಕ್ವೀನ್ಸಿನವರಿಗೆ ಹೇಳೋಣವೇ ಎಂದು ಹತ್ತು ಸಲ ಫೋನ್ ಎತ್ತಿ ಇಟ್ಟೆ. ಏನೆಂದು ಹೇಳಲಿ? ದುಡ್ಡು ಬಂತು, ಆದರೆ ಬಾಟಲಿ ತರಿಸಲಿಕ್ಕಾಗುವುದಿಲ್ಲ ಎಂದೇ? ಜಮೈಕಾದ ಸಾಸಿನವರು ಆ ಆರ್ಡರಿಗೆ ಬಾಯಿ ತೆರೆದುಕೊಂಡು ಕೂತಿದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮಾರ್ಕೆಟ್ಟಿನ ಹಿಂದೆ ಕಾರಿನಲ್ಲಿ ಕೂತು ಯುಎಸ್ ಮಾರುವವನೊಬ್ಬ ಇದ್ದಾನೆ. ಒಂದಕ್ಕೆ ಎಂಟು ಟಿಟಿ ಕೇಳುತ್ತಾನಂತೆ. ಕೊಟ್ಟೇನು, ಆದರೆ ಅವನದು ರಬ್ಬರ್ ಬ್ಯಾಂಡ್ ಹಾಕಿದ ನೋಟು. ಅದನ್ನು ಬ್ಯಾಂಕಿಗೆ ಕಟ್ಟಲು ಹೋದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ, ನಾನು ಸುಳ್ಳು ಹೇಳಬೇಕು. ಹದಿನಾಲ್ಕು ವರ್ಷದ ಖಾತೆ, ಒಂದು ಕಲೆ ಇಲ್ಲ. ಆ ಕೆಲಸ ನನ್ನಿಂದಾಗದು. ಸತ್ತರೂ ಆಗದು.

ಪೀಪಾಯಿಗಳಲ್ಲಿ ಅರೆದ ಮೆಣಸಿನಕಾಯಿ ತುಂಬಿ ನಿಂತಿದೆ. ಹದವಾದ ಘಾಟು, ಕೆಂಡದ ಬಣ್ಣ. ಇಷ್ಟು ಚೆನ್ನಾಗಿ ಯಾವ ವರ್ಷವೂ ಬಂದಿರಲಿಲ್ಲ. ನೋಡಿ ಅಳು ಬಂತು. ಘಾಟಿಗೆ ಎಂದು ಹೇಳಿಕೊಳ್ಳಬಹುದು.

ಯುಎಸ್ ಖಾತೆಯಲ್ಲಿ: 3,260. ಬರೆಯಲಿಕ್ಕೇ ಬೇಜಾರು.

ಸೆಪ್ಟೆಂಬರ್ 17, ಮಂಗಳವಾರ

ಮರ್ಲೀನ್ ಇವತ್ತು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಅವಳ ಗಾತ್ರಕ್ಕೆ ನಾನು ಆಚೆ ಹೋಗುವ ಹಾಗೇ ಇಲ್ಲ.

"ನಾಲ್ಕು ದಿನದಿಂದ ನೋಡ್ತಿದೀನಿ. ಮುಖ ನೋಡಿದ್ರೆ ಹುಳಿ ಮಾವಿನಕಾಯಿ. ಏನಾಯ್ತು?"

"ಏನಿಲ್ಲ."

"ಬಾಟ್ಲಿ ದುಡ್ಡು ಕಳಿಸಿದ್ರಾ?"

ಹೇಳಿಬಿಟ್ಟೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತಿತ್ತು. ಬೈಯುತ್ತಾಳೆ, ಇಲ್ಲವೇ ಕೋಳಿ ಪುಕ್ಕದ ಮಾತು ಎತ್ತುತ್ತಾಳೆ ಎಂದುಕೊಂಡೆ. ಅವಳು ಕೂತು, ಸೊಂಟದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದಳು.

"ನಮ್ಮ ಚರ್ಚಿನ ಬ್ರದರ್ ಗ್ಯಾರ್ನೆಟ್‌ಗೆ ಹೋದ ವಾರ ಬ್ಯಾಂಕಿಂದ ಯುಎಸ್ ಸಿಕ್ಕಿತಂತೆ. ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳಿದ್ರು."

"ಯಾವ ಗ್ಯಾರ್ನೆಟ್?"

"ಈ ದಕ್ಷಿಣದ ಕಡೆ, ನಮ್ಮ ಸೌತಲ್ಲಿ, ಎಷ್ಟು ಜನ ಗ್ಯಾರ್ನೆಟ್ ಇದಾರೆ?"

"ಅಯ್ಯೋ! ಅವರ ಹತ್ರ ನಾನು ಹೋಗಲ್ಲ. ಅವರನ್ನ ಬ್ಯಾಂಕಲ್ಲಿ ಎಲ್ಲರ ಮುಂದೆ..."

"ಗೊತ್ತು. ನಲ್ಲಿ ಕಥೆ ಇಡೀ ಸೌತಿಗೇ ಗೊತ್ತು." ಎದ್ದು ನಿಂತಳು. "ಮಿಸ್ ಕಲೌ, ಹನ್ನೊಂದು ಜನ ಇದೀವಿ ಇಲ್ಲಿ. ನಿಮ್ಮ ಬಿಂಕಕ್ಕೆ ನಾವು ಕ್ರಿಸ್‌ಮಸ್ ಹ್ಯಾಮ್ ಊಟ ಬಿಡ್ಬೇಕಾ? ನಾಳೆ ಒಂಬತ್ತಕ್ಕೆ ಹೊರಡೋಣ. ನಾನೂ ಬರ್ತೀನಿ."

ಹನ್ನೆರಡು ವರ್ಷದಲ್ಲಿ ನನ್ನ ಎದುರು ಇಷ್ಟು ಗಟ್ಟಿಯಾಗಿ ಅವಳು ಮಾತಾಡಿರಲಿಲ್ಲ. ಕೆಲಸದಿಂದ ತೆಗೆದುಹಾಕೋಣ ಎನ್ನಿಸಿತು. ಆಮೇಲೆ ನಾಳೆ ಯಾವ ಬಟ್ಟೆ ಉಡಲಿ ಎಂದು ಅವಳನ್ನೇ ಕೇಳಿದೆ.

ಸೆಪ್ಟೆಂಬರ್ 18, ಬುಧವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಗ್ಯಾರ್ನೆಟ್ ಷೆಡ್ಡಿನ ಮುಂದೆ ಪುಂಡಿಹೂವು ಒಣಗಿಸುತ್ತಿದ್ದರು. ನಮ್ಮನ್ನು ಕಂಡ ಕೂಡಲೇ ಹ್ಯಾಟು ತೆಗೆದು ಒಳಗೆ ಕೂಗಿದರು, "ಐರಿಸ್! ಬಕೆಟ್ ತಗೊಂಡ್ ಬಾರೇ! ನಲ್ಲಿ ತಾನಾಗೇ ಮನೆ ಬಾಗಿಲಿಗೆ ನಡ್ಕೊಂಡ್ ಬಂದಿದೆ!"

ಅವರ ಹೆಂಡತಿ ನಿಜವಾಗಿಯೂ ಬಕೆಟ್ ಹಿಡಿದುಕೊಂಡು ಬಂದರು, ಪಾಪ. ಮರ್ಲೀನ್ ನಗು ತಡೆಯಲಾರದೆ ಆ ಕಡೆ ತಿರುಗಿದಳು. ನನ್ನ ಕಿವಿ ಬಿಸಿಯಾಯಿತು.

"ಬೈಯೋದಿದ್ರೆ ಈಗಲೇ ಬೈದ್ಬಿಡಿ ಮಿಸ್ಟರ್ ಗ್ಯಾರ್ನೆಟ್. ಬಿಸಿಲಲ್ಲಿ ನಿಂತಿರಕ್ಕಾಗಲ್ಲ ನಂಗೆ."

"ಬೈಯೋದು ಆಮೇಲೆ. ಮೊದ್ಲು ಮಾಬಿ ಕುಡೀರಿ."

ಮಾಬಿ ಎಂದರೆ ಕಹಿ ಚಕ್ಕೆಯ ಷರಬತ್ತು. ನನಗೆ ಮೊದಲಿನಿಂದಲೂ ಆಗದು. ಇವತ್ತು ಒಂದೇ ಗುಟುಕಿಗೆ ಕುಡಿದೆ. ಆಮೇಲೆ ಬಿಲ್ಲಿನ ಕಥೆ, ಟಿಟಿ ನಂಬರಿನ ಕಥೆ ಎಲ್ಲ ಹೇಳಿದೆ. ಯಾವತ್ತು ಬಂತು ದುಡ್ಡು ಎಂದು ಕೇಳಿದರು. ಹೋದ ಬುಧವಾರ ಎಂದೆ. ಅವರು ಲೋಟ ಕೆಳಗಿಟ್ಟರು.

"ನಂಗೆ ಬ್ಯಾಂಕಿಂದ ಫೋನ್ ಬಂದಿದ್ದೂ ಹೋದ ಬುಧವಾರವೇ, ಮಧ್ಯಾಹ್ನ. ‘ಬೇಗ ಬನ್ನಿ, ಯಾರೋ ಯುಎಸ್ ತಂದಿದಾರೆ’ ಅಂದ್ರು. ಹತ್ತು ವಾರ ಕಾದಿದ್ದಕ್ಕೆ ಒಟ್ಟಿಗೇ ಹನ್ನೆರಡು ಸಾವಿರ ಕೊಟ್ರು. ಯಾವ ಪುಣ್ಯಾತ್ಮ ತಂದನೋ ಅಂತ ಚರ್ಚಲ್ಲಿ ಅವನ ಹೆಸರಿಗೆ ಪ್ರಾರ್ಥನೆ ಬೇರೆ ಮಾಡಿಸಿದೆ."

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ. ನಿಮ್ಮ ಎದುರಿಗೇ ಕೂತಿದಾಳೆ, ನೋಡ್ಕೊಳ್ಳಿ."

ಆಮೇಲೆ ಗ್ಯಾರ್ನೆಟ್ ನಗಲು ಶುರು ಮಾಡಿದರು ನೋಡಿ, ಮಾಬಿ ಮೂಗಿಗೆ ಏರಿ ಕೆಮ್ಮು ಬಂದು ಐರಿಸ್ ಬೆನ್ನು ಗುದ್ದಬೇಕಾಯಿತು. "ಸಾವಿರದ ಐನೂರು ಕೇಳಿದ್ದಕ್ಕೆ ಇಲ್ಲ ಅಂದವ್ರು ಹನ್ನೆರಡು ಸಾವಿರ ಕೊಟ್ಬಿಟ್ರಲ್ರೀ!" ನಾನೂ ನಕ್ಕೆ.

ಆಮೇಲೆ ವ್ಯವಹಾರಕ್ಕೆ ಕೂತೆವು. ಆ ದುಡ್ಡು ಅವರು ಮಯಾಮಿಯಿಂದ ಬಾಟಲಿಗೆ ಹೆಸರಿನ ಚೀಟಿ ಅಂಟಿಸುವ ಯಂತ್ರ ತರಿಸಲಿಕ್ಕೆ ಇಟ್ಟದ್ದು. ಹಳೆಯ ಯಂತ್ರ, 11,600. ನಾನು ಹೇಳಿದೆ, ಯಂತ್ರದ ದುಡ್ಡಿನಲ್ಲಿ ನನ್ನ ಬಾಟಲಿಯನ್ನು ನಿಮ್ಮ ಕಂಪನಿಯ ಹೆಸರಿಗೆ ತರಿಸಿ ನನಗೆ ಟಿಟಿಗೆ ಮಾರಿ, ಡಿಸೆಂಬರಿನಲ್ಲಿ ಕ್ವೀನ್ಸಿನಿಂದ ಉಳಿದ ಅರ್ಧ ಬರುತ್ತದೆ, ಆಗ ನಿಮ್ಮ ಯಂತ್ರವನ್ನು ನನ್ನ ಹೆಸರಿಗೆ ನಾನು ತರಿಸಿ ನಿಮಗೆ ಟಿಟಿಗೆ ಮಾರುತ್ತೇನೆ. ಎಲ್ಲ ಕಾಗದದ ಮೇಲೆ, ಎಲ್ಲ ಬ್ಯಾಂಕಿನ ಮೂಲಕ.

"ಯಾವ ರೇಟು?" ಎಂದು ಕೇಳಿದೆ. ಇವರೂ ಎಂಟು ಎಂದರೆ ಎದ್ದು ಬರಲಿಕ್ಕೆ ಚಪ್ಪಲಿಗೆ ಕಾಲು ಹಾಕಿಕೊಂಡೇ ಕೂತಿದ್ದೆ.

"ಬ್ಯಾಂಕಿನ ರೇಟು. ಬೀದಿ ರೇಟು ತಗೊಂಡ್ರೆ ಐರಿಸ್ ನಂಗೆ ಊಟ ಹಾಕಲ್ಲ." ಆದರೂ ಗಡ್ಡ ಕೆರೆದುಕೊಂಡರು. "ಕಷ್ಟ ಅದಲ್ಲ. ಯಂತ್ರ ಡಿಸೆಂಬರಿಗೆ ಬಂದ್ರೆ ಈ ಕ್ರಿಸ್‌ಮಸ್ ಸೋರೆಲ್‌ಗೆ ಸಿಗಲ್ಲ. ಇಪ್ಪತ್ತು ಸಾವಿರ ಬಾಟ್ಲಿಗೆ ಚೀಟಿ ಯಾರು ಅಂಟಿಸ್ತಾರೆ?"

"ನಾನು ಅಂಟಿಸ್ತೀನಿ." ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಮರ್ಲೀನ್ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು.

ನನ್ನ ಬಿಲ್ ಪುಸ್ತಕದ ಹಾಳೆಯ ಮೇಲೇ ಒಪ್ಪಂದ ಬರೆದೆವು. ಅಚ್ಚಾದ ನಂಬರನ್ನು ಹೊಡೆದುಹಾಕಿ, ಪಕ್ಕದಲ್ಲಿ, ಯಂತ್ರದ ದುಡ್ಡು ಹೊರಡುವ ನನ್ನ ಯುಎಸ್ ಖಾತೆಯ ನಂಬರನ್ನು ಅವರ ಕಣ್ಣೆದುರಿಗೇ ಬರೆದೆ. ಈ ಸಲ ಮರೆಯಲಿಲ್ಲ.

ಹೊರಡುವಾಗ, "ಅವತ್ತು ಬ್ಯಾಂಕಲ್ಲಿ ನಾನಾಡಿದ್ದು..." ಎಂದು ಶುರು ಮಾಡಿದೆ.

"ಬಿಡ್ರಿ. ಜೋಕ್ ಚೆನ್ನಾಗಿತ್ತು. ನಾನೇ ನಾಲ್ಕು ಕಡೆ ಹೇಳಿದೀನಿ."

ಓಹೋ, ಸೌತಿಗೆಲ್ಲ ಡಂಗುರ ಹೊಡೆದದ್ದು ಇವರೇ.

ಸೆಪ್ಟೆಂಬರ್ 20, ಶುಕ್ರವಾರ

ಕೊಲಂಬಿಯಾಕ್ಕೆ ಗ್ಯಾರ್ನೆಟ್ 11,400 ಕಳಿಸಿದರು, ಹಡಗಿನ ಬಾಡಿಗೆ 1,900 ನಾನು ಕಳಿಸಿದೆ. ಮಧ್ಯಾಹ್ನ ಎರಡಕ್ಕೆ "ಸಂದಿದೆ" ಎಂದು ಉತ್ತರ ಬಂತು. ಯಜಮಾನರ ಫೋಟೋದ ಮೇಲಿನ ಬಟ್ಟೆ ತೆಗೆದೆ.

ಇದರ ಜೊತೆಗೆ ಮಯಾಮಿಗೆ ನೂರ ಎಂಬತ್ತು ಕಳಿಸಿದೆ. ಮರ್ಲೀನಳ ಕಾಟ ತಡೆಯಲಾರದೆ. ಅವಳು ಆ ದಿನದಿಂದ ಬಾಯಿಬಿಟ್ಟು ಕೇಳಿಲ್ಲ, ಆದರೆ ಕೇಳದೇ ಇರುವುದು ಇನ್ನೂ ದೊಡ್ಡ ಕಾಟ. ಲೆಕ್ಕದಲ್ಲಿ ಏನೆಂದು ಬರೆಯಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. "ಗರಿ ಮತ್ತು ಹುಲ್ಲಿನ ಬಟ್ಟೆ, ಮರ್ಲೀನ್ ಗಿಲ್ಕ್ಸ್ ಅವರಿಗೆ ಮಾರಿದ್ದು" ಎಂದೇ ಬರೆದೆ. ಟಿಟಿ ಎಣಿಸಿ ತೆಗೆದುಕೊಂಡೆ, ಬಿಟ್ಟಿ ಏನಲ್ಲ. ಅವಳು ಸುಮ್ಮನೆ ಬಂದು ನನ್ನನ್ನು ಅಪ್ಪಿಕೊಂಡಳು, ಪಕ್ಕೆಲುಬು ಇನ್ನೂ ನೋಯುತ್ತಿದೆ.

ಯುಎಸ್ ಖಾತೆಯಲ್ಲಿ: 1,180. ಹದಿನಾಲ್ಕು ವರ್ಷದಲ್ಲಿ ಇಷ್ಟು ಇಳಿದಿರಲಿಲ್ಲ. ಆದರೂ ಚೆನ್ನಾಗಿ ಹಸಿವಾಯಿತು, ಎರಡು ದಾಲ್‌ಪುರಿ ರೋಟಿ ತಿಂದೆ.

ಅಕ್ಟೋಬರ್ 17, ಗುರುವಾರ

ಬಾಟಲಿ ಬಂತು! ಮೂವತ್ತು ಸಾವಿರ. ಒಡೆದದ್ದು ಬರೀ ಅರವತ್ತೆರಡು, ಅದಕ್ಕೆಂದೇ ನೂರು ಹೆಚ್ಚು ಕಳಿಸಿದ್ದರು. ಹನ್ನೊಂದು ಜನವೂ ಹಾಡುತ್ತಾ ಪೆಟ್ಟಿಗೆ ಇಳಿಸಿದರು. ಇನ್ನು ದಿನಕ್ಕೆ ಎರಡು ಸಾವಿರದಂತೆ ತುಂಬಬೇಕು. ಬರೆಯಲಿಕ್ಕೆ ಪುರುಸೊತ್ತಿಲ್ಲ.

ಅಕ್ಟೋಬರ್ 29, ಮಂಗಳವಾರ

ದಿವಾಲಿಗೆ ಅಂಗಳದ ತುಂಬ ದಿಯಾ ಹಚ್ಚಿದೆವು. ಗ್ಯಾರ್ನೆಟ್, ಐರಿಸ್ ಬಂದಿದ್ದರು. ಸೂಗಿಯಾ ಕೂಡ ಬಂದಿದ್ದಳು. "ಅಷ್ಟೂ ಬಾಟ್ಲಿ ನಿನ್ನ ದುಡ್ಡಲ್ಲೇ ತರಿಸಿದ್ಯಾ ಭೌಜಿ?" ಎಂದು ಕಣ್ಣು ಅಗಲಿಸಿ ಕೇಳಿದಳು. ಹೌದೆಂದು ಹೇಳಿ ಮೆರೆಯಬಹುದಿತ್ತು. "ಇವರ ದುಡ್ಡು" ಎಂದು ಗ್ಯಾರ್ನೆಟ್ ಕಡೆ ತೋರಿಸಿದೆ. ಅವರು "ಅವರ ದುಡ್ಡು" ಎಂದು ನನ್ನ ಕಡೆ ತೋರಿಸಿದರು. ಸೂಗಿಯಾ ತಲೆ ಕೆಟ್ಟು ಪರಸಾದ್ ತಿನ್ನಲು ಹೋದಳು.

ನವೆಂಬರ್ 16, ಶನಿವಾರ

ನನ್ನ ಸಾಸೆಲ್ಲ ತುಂಬಿ, ಹಡಗು ಹತ್ತಿ ಎಂಟು ದಿನವಾಯಿತು. ಅವತ್ತಿನಿಂದ ದಿನಾ ಪ್ರಿನ್ಸಸ್ ಟೌನ್. ಮರ್ಲೀನ್, ನಮ್ಮ ನಾಲ್ವರು ಹೆಂಗಸರು, ನಾನು. ಅಂಟು, ಚೀಟಿ, ಬಟ್ಟೆ, ಬಾಟಲಿ. ಬೆರಳು ಬೆರಳಿಗೆ ಅಂಟಿಕೊಂಡಿದೆ, ಈ ಪುಟವೂ ಅಂಟುತ್ತಿದೆ.

ಎಲ್ಲರಿಗಿಂತ ನೆಟ್ಟಗೆ ಅಂಟಿಸುವವಳು ನಾನೇ. ಗ್ಯಾರ್ನೆಟ್ ಅಳತೆಪಟ್ಟಿ ಇಟ್ಟು ನೋಡಿ, "ಯಂತ್ರ ಕ್ಯಾನ್ಸಲ್ ಮಾಡ್ಬಿಡೋಣ ಕಣ್ರೀ, ಇವರನ್ನೇ ಇಟ್ಕೊಳ್ಳೋಣ" ಎಂದರು. ನನ್ನ ಸಂಬಳ ನಿಮ್ಮ ಕೈಲಾಗುವುದಿಲ್ಲ ಎಂದೆ. ಅವರ ಸೋರೆಲ್ ನಿಜವಾಗಿಯೂ ಚೆನ್ನಾಗಿದೆ. ಏಲಕ್ಕಿ ಅಲ್ಲ, ಲವಂಗ ಹಾಕುತ್ತಾರೆ. ಇಷ್ಟು ವರ್ಷ ಎದುರು ಮೇಜಿನಲ್ಲಿ ಕೂತು ಒಂದು ಸಲವೂ ಕುಡಿದು ನೋಡಿರಲಿಲ್ಲ ನಾನು, ಎಂಥ ಮೊಂಡಿ.

ಡಿಸೆಂಬರ್ 10, ಮಂಗಳವಾರ

ಉಳಿದ ಅರ್ಧ ಬಂತು. 18,400. ಈ ಸಲದ ಬಿಲ್ಲಿನಲ್ಲಿ ನಂಬರು ಬರೆದಿದ್ದೆನಲ್ಲ, ಯುಎಸ್ ಖಾತೆಗೇ, ಯುಎಸ್ ಆಗಿಯೇ. ಜೊತೆಗೆ ಕ್ವೀನ್ಸಿನವರು ಒಂದು ಫೋಟೋ ಕಳಿಸಿದ್ದಾರೆ. ಅಂಗಡಿಯ ಗಾಜಿನ ಹಿಂದೆ ನನ್ನ ಬಾಟಲಿಗಳು, ಹೊರಗೆ ಹಿಮ. ನಮ್ಮ ಪೆನಾಲಿನ ಕೆಂಪು ಅಷ್ಟು ಬಿಳಿಯ ಮುಂದೆ! ಫೋಟೋವನ್ನು ಹನ್ನೊಂದು ಜನಕ್ಕೂ ತೋರಿಸಿದೆ. ಇದು ನೀನು ತುಂಬಿದ್ದು, ಇದು ನೀನು ಮುಚ್ಚಳ ಹಾಕಿದ್ದು ಎಂದು ಬಾಯಿಗೆ ಬಂದ ಹಾಗೆ ಹೇಳಿದೆ. ಯಾರಿಗೆ ಗೊತ್ತು ಯಾವುದು ಯಾರದೆಂದು, ಆದರೆ ಎಲ್ಲರೂ ನಂಬಿದರು.

ಹತ್ತು ಗಂಟೆಗೆ ದುಡ್ಡು ಬಂತು, ಹನ್ನೊಂದಕ್ಕೆ ಗ್ಯಾರ್ನೆಟ್ ಅವರ ಯಂತ್ರಕ್ಕೆ 11,600 ಮಯಾಮಿಗೆ ಹೋಯಿತು. ಮಿಸ್ ಷೆರ್ಲಾನ್ ಹೇಳಿದಳು, "ಇಷ್ಟು ಕಷ್ಟಪಟ್ಟು ಬಂದ ಡಾಲರು, ಒಂದು ದಿನವಾದ್ರೂ ಇಟ್ಕೊಳ್ಳಿ ಮೇಡಂ." ಕೊಟ್ಟ ಮಾತನ್ನು ಯಾವ ಖಾತೆಯಲ್ಲಿ ಇಟ್ಟುಕೊಳ್ಳುತ್ತಾರಮ್ಮ ಎಂದೆ. ಒಳ್ಳೆಯ ಮಾತು, ಬರೆದಿಟ್ಟುಕೊಳ್ಳಬೇಕು. ಬರೆದಾಯಿತು.

ದಾರಿಯಲ್ಲಿ ರಾಜ್‌ಪಾಲ್‌ನ ಅಂಗಡಿಗೆ ಹೋಗಿ ಬಿಲ್ ಪುಸ್ತಕ ಮತ್ತೆ ಅಚ್ಚು ಹಾಕಲು ಹೇಳಿದೆ. ಎರಡೂ ನಂಬರು, ಯುಎಸ್‌ನದು ಮೇಲೆ, ದಪ್ಪ ಅಕ್ಷರದಲ್ಲಿ. ಅವನ ಕಣ್ಣು ತಟ್ಟೆಯಾಯಿತು. "ಮೌಸಿ, ನಿಮಗೆ ಯುಎಸ್ ಖಾತೆ ಇದೆಯಾ?" ಇದೆ, ಸಂಜೆ ರಮ್ ಅಂಗಡಿಯಲ್ಲಿ ಹೇಳುವುದು ಮರೆಯಬೇಡ ಎಂದು ಬಂದೆ.

ಡಿಸೆಂಬರ್ 20, ಶುಕ್ರವಾರ

ಬೆಳಿಗ್ಗೆ ಮರ್ಲೀನ್ ಒಂದು ದುಂಡನೆಯ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಳಗೆ ಟೊಪ್ಪಿ. ಅಗಲವಾದ ಅಂಚು, ನಮ್ಮ ಸಾಸಿನ ಕೆಂಪು ಬಣ್ಣ, ಪಕ್ಕದಲ್ಲಿ ಒಂದು ಹಸಿರು ಗರಿ, ಥೇಟ್ ಮೆಣಸಿನಕಾಯಿಯ ತೊಟ್ಟಿನಂತೆ.

"ಅಯ್ಯೋ ಹುಚ್ಚಿ, ನಾನು ತಲೆಗೆ ಓಢಣಿ ಹಾಕೋಳು. ಯಾವತ್ತು ಟೊಪ್ಪಿ ಹಾಕಿದೀನಿ ನಾನು?"

"ಓಢಣಿ ಮೇಲೇ ಹಾಕ್ಕೊಳ್ಳಿ. ಸುಗ್ಗಿ ಆರಾಧನೇಲಿ ಒಂಬತ್ತು ಟೊಪ್ಪಿ ನೋಡಿ ಇನ್ನೂ ಹದಿನಾಲ್ಕು ಜನ ಹೇಳಿದಾರೆ ಗೊತ್ತಾ? ಇದು ಹತ್ತನೇದು. ಮೊದಲನೇ ದಿನವೇ ನಿಮಗೆ ಅಂತ ಎತ್ತಿಟ್ಟಿದ್ದೆ."

ಕನ್ನಡಿಯಲ್ಲಿ ನೋಡಿಕೊಂಡೆ. ಅರವತ್ತೊಂದು ವರ್ಷದ ಮುದುಕಿ, ತಲೆಯ ಮೇಲೆ ಮೆಣಸಿನಕಾಯಿ. ಇವರಿದ್ದರೆ ಜೋಲಿಯಿಂದ ಬಿದ್ದು ಹೊರಳಾಡಿ ನಗುತ್ತಿದ್ದರು. ತೆಗೆಯಲು ಮನಸ್ಸು ಬರಲಿಲ್ಲ. ಹಾಗೆಯೇ ಬ್ಯಾಂಕಿಗೆ ಹೋದೆ.

ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ಶುಕ್ರವಾರ, ಸಾಲು ಬಾಗಿಲಿನ ತನಕ ಇತ್ತು. ಎಲ್ಲರೂ ತಿರುಗಿ ನೋಡಿದರು. ಬಾಸ್ಕೆಟ್ ಹಿಡಿದುಕೊಂಡಿದ್ದ ಒಬ್ಬಳು ಹತ್ತಿರ ಬಂದು, "ಆಂಟಿ, ಎಂಥ ಚೆಂದದ ಟೊಪ್ಪಿ! ಇಲ್ಲಿ ಸಿಗಲ್ವಲ್ಲ ಇಂಥದ್ದು, ಎಲ್ಲಿಂದ ತರಿಸಿದ್ರಿ?" ಎಂದಳು.

ಸಾಲಿನ ಕೊನೆಯವನಿಗೂ ಕೇಳಿಸುವ ಹಾಗೆ ಹೇಳಿದೆ. "ತರಿಸಿದ್ದಲ್ಲಮ್ಮ, ನಮ್ಮ ಪೆನಾಲಿನ ಮರ್ಲೀನ್ ಗಿಲ್ಕ್ಸ್ ಮಾಡಿದ್ದು. ಅವಳ ಫೋನ್ ನಂಬರ್ ಬರ್ಕೋ. ಗರಿ ಮಾತ್ರ ಮಯಾಮಿಯದ್ದು, ನನ್ನ ಯುಎಸ್ ಖಾತೆಯಿಂದ."